ಮದುವೆಯ ಸಿಡಿಗೊಂದು ಪ್ಲೇಯರು

ನನ್ನ ಹೆಂಡತಿ ನನ್ನ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ. ಅದು ನಿಲಂಗಾದಲ್ಲಿ, ನಮ್ಮ ಮದುವೆಯ ದಿನ, ಅಕ್ಷತೆ ಬಿದ್ದಮೇಲೆ ಹೆಂಗಸರೆಲ್ಲ ಸುತ್ತುಗಟ್ಟಿ ನಿಂತು ಒಡಪು ಹಾಕಿಸಿದಾಗ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿದು ಮಾತಾಡುವುದಿಲ್ಲ. ಹೇಳಲೇಬೇಕಾದಾಗ ಪ್ರಾಸ ಕೂಡಿಸಿದ ಎರಡು ಸಾಲುಗಳ ನಡುವೆ ಅದನ್ನು ಅಡಗಿಸಿ ಹೇಳುತ್ತಾರೆ. ಅದೇ ಒಡಪು, ಮರಾಠಿಯವರು ಉಖಾಣಾ ಅನ್ನುತ್ತಾರೆ. ಆಮೇಲೆ ಜೊತೆಗಿದ್ದ ಅಷ್ಟೂ ವರ್ಷ ನಾನು ಆಕೆಗೆ ‘ರೀ’ ಆಗಿದ್ದೆ, ‘ಇಲ್ಲಿ ನೋಡ್ರಿ’ ಆಗಿದ್ದೆ, ಬೇರೆಯವರ ಮುಂದೆ ‘ನಮ್ಮ ಮನಿಯವ್ರು’ ಆಗಿದ್ದೆ. ಕೊನೆಗೆ ದವಾಖಾನೆಯಲ್ಲಿ ನರ್ಸ್ ಗಂಡನ ಹೆಸರೇನು ಎಂದು ಕೇಳಿದಾಗಲೂ ಆಕೆ ಮಲಗಿದ್ದಲ್ಲಿಂದ ನನ್ನ ಕಡೆ ಕುತ್ತಿಗೆ ಹೊರಳಿಸಿದಳು, ಹೇಳಿದ್ದು ನಾನು.

ಆಕೆಯ ದನಿ ನನ್ನ ಬಳಿ ಇಲ್ಲವೆಂದಲ್ಲ. ಮೊಬೈಲಿನಲ್ಲಿ ಬೇಕಾದಷ್ಟು ಉಳಿದಿದೆ. ಕೊತ್ತಂಬರಿ ತರ್ರಿ, ಮೋಟರ್ ಬಂದ್ ಮಾಡ್ರಿ, ಕಾಲೇಜಿನಿಂದ ಎಷ್ಟೊತ್ತಿಗೆ ಬರ್ತೀರಿ. ಆಕೆ ಹೋದಮೇಲೆ ಅದನ್ನೆಲ್ಲ ಕೇಳಿದ್ದೇನೆ, ಮತ್ತೆ ಮತ್ತೆ ಕೇಳಿ ಸಾಕಾಗಿ ಬಿಟ್ಟಿದ್ದೇನೆ. ಅದರಲ್ಲಿ ನನ್ನ ಹೆಸರು ಮಾತ್ರ ಎಲ್ಲಿಯೂ ಇಲ್ಲ, ಇರಲು ಸಾಧ್ಯವೂ ಇಲ್ಲ.

ಆ ಒಂದು ಸಲವನ್ನು ನಾನು ನೆನಪಿನಲ್ಲಿ ಇಟ್ಟುಕೊಂಡದ್ದು ಹೀಗೆ: ಆಕೆ ಒಡಪನ್ನು ಕನ್ನಡದಲ್ಲಿ ಹೇಳಿದಳು. ನಿಲಂಗಾದ ಅವರ ಮನೆಯಲ್ಲಿ ಲಿಂಗಪೂಜೆ, ವಿಭೂತಿ, ನಮ್ಮ ಹಾಗೆಯೇ ಎಲ್ಲ. ಆದರೆ ಕನ್ನಡ ಅಜ್ಜಿಯ ಕಾಲಕ್ಕೆ ನಿಂತುಹೋಗಿತ್ತು. ಮಕ್ಕಳದ್ದೆಲ್ಲ ಮರಾಠಿ. ಅಂಥ ಹುಡುಗಿ ಮಂಟಪದಲ್ಲಿ, ತನ್ನ ಬಳಗದ ಎದುರಿಗೆ, ನಮ್ಮ ಮನೆಯ ಮಾತಿನಲ್ಲಿ ನನ್ನ ಹೆಸರು ಹೇಳಿದಳು ಎಂಬುದನ್ನು ನಾನು ಎಷ್ಟು ಜನರ ಮುಂದೆ ಹೇಳಿಕೊಂಡಿದ್ದೇನೋ! ಮೊದಲ ದಿನವೇ ಆಕೆ ನನ್ನ ಕಡೆಗೆ ನಡೆದುಬಂದಳು ಎಂದು ನಾನು ಅದಕ್ಕೆ ಅರ್ಥ ಹಚ್ಚಿದ್ದೆ. ನಡುವೆ ನಾವು ಜಗಳಾಡಿ ಮಾತು ಬಿಟ್ಟ ದಿನಗಳಲ್ಲಿ ಆ ಅರ್ಥವನ್ನೇ ಆತುಕೊಂಡು ಕೂತಿದ್ದೇನೆ. ಆಕೆ ಹೇಳಿದ ಸಾಲುಗಳು ಯಾವುವು ಎಂಬುದು ಮಾತ್ರ ಹಾರಿಹೋಗಿದೆ. ಭಾಷೆ ನೆನಪಿದೆ, ಮಾತು ನೆನಪಿಲ್ಲ. ತರಗತಿಯಲ್ಲಿ ಇತಿಹಾಸ ಕಲಿಸುವಾಗ ಇಂಥ ಸಾಕ್ಷಿಯನ್ನು ನಾನು ಬಾಗಿಲ ಹೊರಗೇ ನಿಲ್ಲಿಸುತ್ತೇನೆ.

ಉದಗೀರದಲ್ಲಿ ಅಕ್ಕನ ಮಗಳ ಮದುವೆ ಆಯಿತು. ಅಕ್ಕನ ಗಂಡನ ಮನೆಯವರದು ಕಾಳುಕಡಿಯ ವ್ಯಾಪಾರ, ಬಳಗ ದೊಡ್ಡದು. ಮದುಮಗಳು ಮೊಬೈಲ್ ನೋಡಿಕೊಂಡು ಒಡಪು ಓದಿದಳು, ಎಲ್ಲರೂ ನಕ್ಕರು. ಊಟಕ್ಕೆ ಕೂತಾಗ ನಾನು ನನ್ನ ಹಳೆಯ ಕತೆ ತೆಗೆದೆ. ಅಕ್ಕ ಹೋಳಿಗೆ ಬಡಿಸುತ್ತಿದ್ದವಳು ಅಲ್ಲಿಯೇ ನಿಂತಳು.

“ಏ ತಮ್ಮಾ, ಸುಳ್ಳ ಯಾಕ ಹೇಳ್ತಿ? ಆಕಿ ಮರಾಠಿದಾಗ ಹೇಳ್ಯಾಳ.”

“ಕನ್ನಡದಾಗ ಅಕ್ಕಾ. ನನಗ ಚೆಂದಾಗಿ ಖ್ಯಾಲ ಅದ.”

“ನಿನಗೇನ ಖ್ಯಾಲ ಇರ್ತದ? ಬಾಸಿಂಗ ಕಟಗೊಂಡು ಕುರಿ ಹಂಗ ನಿಂತಿದ್ದಿ. ನಾ ಆಕಿ ಮಗ್ಗಲದಾಗ ನಿಂತಿದ್ದೆ. ಆಕೀಗಿ ಆವಾಗ ಕನ್ನಡ ಎಲ್ಲಿ ಬರ್ತಿತ್ತು? ನಾನೇ ಕಲಿಸೀನಿ, ಉಪ್ಪು ಅಂದ್ರ ಮೀಠ, ಹುಳಿ ಅಂದ್ರ ಆಂಬಟ ಅಂತ.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಕ್ಕ ಇನ್ನೊಂದು ಹೋಳಿಗೆ ಹಾಕಿ ಮುಂದೆ ಹೋದಳು. ಅವಳು ನನಗಿಂತ ಹಿರಿಯಳು, ನಮ್ಮ ಮನೆಯಲ್ಲಿ ಯಾವ ತಿಥಿ ಯಾವಾಗ, ಯಾರ ಮದುವೆಗೆ ಯಾರು ಮುನಿಸಿಕೊಂಡರು ಎಂಬುದಕ್ಕೆಲ್ಲ ಅವಳ ಮಾತೇ ಕೊನೆ. ನಾನು ಊಟ ಬಿಟ್ಟೇಳಲಿಲ್ಲ. ಆದರೆ ಜಳಕೋಟಿಗೆ ಹೋಗಿ ಒಬ್ಬ ಗೆಳೆಯನನ್ನು ಕಂಡು ಬರಬೇಕೆಂದುಕೊಂಡದ್ದನ್ನು ಕೈಬಿಟ್ಟು, ಸಿಕ್ಕ ಬಸ್ಸಿಗೆ ನಾನಿರುವ ಉಮರಗಾಕ್ಕೆ ಬಂದುಬಿಟ್ಟೆ. ದಾರಿಯುದ್ದಕ್ಕೂ ನಾನು ಲೆಕ್ಕಹಾಕಿದ್ದು ಒಂದೇ. ಮದುವೆಯ ಸಿಡಿ ಇದೆ. ಅದನ್ನು ನೋಡಿದರೆ ಮುಗಿಯಿತು.

ಸಿಡಿ ಸಿಕ್ಕಿತು. ಆಕೆಯ ಟ್ರಂಕಿನಲ್ಲಿ, ಸೀರೆಗಳ ಅಡಿಗೆ, ಹೃದಯದ ಆಕಾರದೊಳಗೆ ನಮ್ಮಿಬ್ಬರ ಮುಖ ಅಚ್ಚುಹಾಕಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ತಟ್ಟೆಗಳು. ಅದನ್ನು ಹಾಕಿ ನೋಡುತ್ತಿದ್ದ ಯಂತ್ರ ಎಂದೋ ಗುಜರಿಗೆ ಹೋಗಿತ್ತು. ಲ್ಯಾಪ್‌ಟಾಪಿಗೆ ಸಿಡಿಯ ಬಾಯಿಯೇ ಇಲ್ಲ. ಮೂಲೆಯಲ್ಲಿ ಬಟ್ಟೆ ಹೊದ್ದುಕೊಂಡಿದ್ದ ಹಳೆಯ ಡೆಸ್ಕ್‌ಟಾಪನ್ನು ಹೊರತೆಗೆದು, ಧೂಳು ಒರೆಸಿ, ಹಾಲ್‌ನ ಮೇಜಿನ ಮೇಲೆ ಇಟ್ಟೆ. ಮಕ್ಕಳಿಲ್ಲದ ಮನೆ, ಯಾವ ವಸ್ತುವನ್ನು ಎಲ್ಲಿಟ್ಟರೂ ಕೇಳುವವರಿಲ್ಲ.

ಕಂಪ್ಯೂಟರಿನಲ್ಲಿ ಮೊದಲಿನಿಂದ ಇದ್ದ ಪ್ಲೇಯರು ಸಿಡಿಯನ್ನು ನೋಡಿ ಈ ಫೈಲನ್ನು ತೆರೆಯಲಾಗದು ಎಂದು ಒಂದೇ ಸಾಲಿನಲ್ಲಿ ಮುಗಿಸಿತು. ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಹತ್ತು ಪುಟ ತೆರೆದರೆ ಹತ್ತೂ ಪುಟದಲ್ಲಿ ತಮ್ಮದೇ ಎಲ್ಲಕ್ಕಿಂತ ಮೇಲು ಎಂಬ ಮಾತು. ಯಾವುದನ್ನೂ ನಂಬದೆ ಒಂದೊಂದನ್ನೇ ಇಳಿಸಿಕೊಂಡು ನೋಡತೊಡಗಿದೆ. ಒಂದು ಪ್ಲೇಯರು ಥಳಥಳ ಹೊಳೆಯುತ್ತಿತ್ತು, ಸುತ್ತ ಜಾಹೀರಾತು. ಸಿಡಿ ಹಾಕಿದರೆ ‘ಕೋಡೆಕ್ ಇಲ್ಲ’ ಎಂದಿತು. ಕೋಡೆಕ್ ಎಂದರೆ ದುಭಾಷಿ ಇದ್ದಂತೆ: ಫೈಲು ಯಾವ ಬಗೆಯಲ್ಲಿ ಬರೆದಿದೆಯೋ ಅದನ್ನು ಕಂಪ್ಯೂಟರಿಗೆ ತಿಳಿಸಿಹೇಳುವ ಸಣ್ಣ ಪ್ರೋಗ್ರಾಮು. ಅದನ್ನು ಬೇರೆ ಕಡೆಯಿಂದ ತಂದು ಹಾಕಿದರೆ ಚಿತ್ರ ಬಂತು, ಸದ್ದು ಬರಲಿಲ್ಲ. ನನಗೆ ಬೇಕಾದದ್ದು ಸದ್ದೇ.

ಆ ದಿನ ರವಿವಾರ. ತಲೆಬಿಸಿಯಾಗಿ ಮನೆಗೆ ಕೀಲಿ ಹಾಕಿ ಸ್ಟ್ಯಾಂಡಿಗೆ ಹೋದೆ, ಎದುರಿಗೆ ನಿಂತ ಬಸ್ಸು ಹತ್ತಿ ಯೆಣೆಗೂರಿನಲ್ಲಿ ಇಳಿದು ಧಾಬಾದಲ್ಲಿ ಚಹಾ ಕುಡಿದು ಮರಳಿದೆ. ಈಚೆಗೆ ಹೀಗಾಗಿದೆ. ಕೂತಲ್ಲಿ ಕೂರಲಾರೆ, ಹೋದಲ್ಲಿ ಏನೂ ಕೆಲಸವಿಲ್ಲ. ಕಂಡಕ್ಟರು ಗುರುತು ಹಿಡಿದು, “ಕಾಯ್ ಸರ್, ಆಜ್ ಪರತ್?” ಎಂದು ನಗುತ್ತಾನೆ. ಇವತ್ತು ಮತ್ತೆ ಬಂದ್ರಾ ಎಂದು. ಹೌದಪ್ಪ, ಮತ್ತೆ.

ಮೂರನೆಯ ಪ್ಲೇಯರಿನಲ್ಲಿ ಚಿತ್ರವೂ ಬಂತು, ಸದ್ದೂ ಬಂತು. ಜನರೆಲ್ಲ ಅಡ್ಡಡ್ಡ ಹಿಗ್ಗಿದ್ದರು. ತೆಳ್ಳಗಿದ್ದ ನನ್ನ ಮಾವನವರು ಪೈಲವಾನರ ಹಾಗೆ ಕಂಡರು. ಅದಿರಲಿ. ಮಂಟಪ, ಅಂತರಪಟ, ಅಕ್ಷತೆ, ಎಲ್ಲ ಸಾಗಿ ಹೆಂಗಸರು ಸುತ್ತುವರಿದರು. ಆಕೆ ತಲೆ ತಗ್ಗಿಸಿ, ಮತ್ತೆ ಎತ್ತಿ, ತುಟಿ ಆಡಿಸಿದಳು. ಕೇಳಿಸಿದ್ದು ಒಂದು ಕನ್ನಡ ಸಿನಿಮಾ ಹಾಡು. ಯಾರೋ ಗಾಯಕಿ ಒಲವು, ಬೆಳದಿಂಗಳು ಎಂದು ಹಾಡುತ್ತಿದ್ದಾಳೆ, ನನ್ನ ಹೆಂಡತಿಯ ತುಟಿ ಅದಕ್ಕೆ ತಕ್ಕಂತೆ ಅಲುಗುತ್ತಿದೆ.

ಮರೆತುಬಿಟ್ಟಿದ್ದೆ. ಆಗಿನ ಮದುವೆ ಸಿಡಿಗಳೆಲ್ಲ ಹಾಗೆಯೇ. ಮಂಟಪದ ನಿಜವಾದ ಸದ್ದನ್ನು ಮುಚ್ಚಿ ಮೇಲೆ ಸಿನಿಮಾ ಹಾಡು ಹಾಕುತ್ತಿದ್ದರು. ನಮ್ಮ ಭಾಗದಲ್ಲಿ ಅದಕ್ಕೆ ಇನ್ನೊಂದು ತೊಡಕು: ಬೀಗರಲ್ಲಿ ಒಂದು ಮನೆಗೆ ಮರಾಠಿ ಹಾಡು ಬೇಕು, ಇನ್ನೊಂದು ಮನೆಗೆ ಕನ್ನಡ. ಹೆಣ್ಣಿನ ಕಡೆಯ ಸಿಡಿ ಬೇರೆ, ಗಂಡಿನ ಕಡೆಯ ಸಿಡಿ ಬೇರೆ. ಚಿತ್ರ ಅದೇ, ಹಾಡು ಬದಲು. ನಮ್ಮಪ್ಪ ವಿಡಿಯೋದವನನ್ನು ಪಕ್ಕಕ್ಕೆ ಕರೆದು “ನಮ್ಮವ್ರದ್ರಾಗ ಕನ್ನಡ ಹಾಡೇ ಇರ್ಬೇಕು ನೋಡು” ಎಂದದ್ದು ನೆನಪಿದೆ. ಅಥವಾ ಅಕ್ಕ ಹೇಳಿ ಹೇಳಿ ನೆನಪಾಗಿದೆ. ಈಗ ಎರಡನ್ನೂ ಬೇರೆ ಮಾಡಲಾರೆ.

ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತೆ. ಮದುವೆಯಾದ ಹೊಸತರಲ್ಲಿ ಈ ಸಿಡಿಯನ್ನು ಬಂದವರಿಗೆಲ್ಲ ಹಾಕಿ ತೋರಿಸುತ್ತಿದ್ದೆವು. ಆ ಕ್ಷಣದಲ್ಲಿ ಆಕೆಯ ಬಾಯಿಂದ ಕನ್ನಡ ಬರುವುದನ್ನು ಎಷ್ಟು ಸಲ ನೋಡಿದ್ದೇನೆ! ನನ್ನ ನೆನಪು ಮದುವೆಯದಲ್ಲ, ಟೀವಿಯದು ಎಂಬ ಅನುಮಾನ ಆಗ ಬಂತು. ಅನುಮಾನ ನನ್ನ ಕಸುಬು. ಆದರೂ ಅದನ್ನು ನನ್ನ ಮೇಲೆಯೇ ತಿರುಗಿಸಿದಾಗ ಮನೆ ಮತ್ತಷ್ಟು ಖಾಲಿಯಾದಂತೆ ಅನಿಸಿತು.

ಸೋತೆ ಎಂದು ಎದ್ದವನಿಗೆ ಹಾಡು ಮುಗಿದು ಇನ್ನೊಂದು ಹಾಡು ಶುರುವಾಗುವ ನಡುವಿನ ಜಾಗದಲ್ಲಿ ಏನೋ ಕೇಳಿಸಿತು. ಗದ್ದಲ. ಹೆಂಗಸರ ನಗು, ಪಾತ್ರೆ ಬಿದ್ದ ಸದ್ದು. ಕಂಪ್ಯೂಟರಿಗೆ ಎರಡು ಪುಟ್ಟ ಸ್ಪೀಕರುಗಳು. ಒಂದೊಂದಕ್ಕೆ ಕಿವಿ ಹಚ್ಚಿದೆ. ಎಡಗಡೆಯದರಲ್ಲಿ ಬರೀ ಹಾಡು. ಬಲಗಡೆಯದರಲ್ಲಿ ಆ ಗದ್ದಲ, ತೀರ ಸಣ್ಣಗೆ.

ಒಮ್ಮೆಗೇ ಹೊಳೆಯಿತು. ವಿಡಿಯೋದವನು ಹಾಡನ್ನು ಒಂದು ಬದಿಗೆ ಹಾಕಿದ್ದಾನೆ, ಮಂಟಪದ ಸದ್ದನ್ನು ಇನ್ನೊಂದು ಬದಿಗೆ ಹಾಗೆಯೇ ಬಿಟ್ಟಿದ್ದಾನೆ. ಬೀಗರ ಮನೆಯ ಸಿಡಿ ಮಾಡುವಾಗ ಹಾಡಿನ ಬದಿಯನ್ನಷ್ಟೇ ಬದಲಿಸಿದರೆ ಆಯಿತು, ಮತ್ತೆ ಮೊದಲಿನಿಂದ ಕೂರಬೇಕಿಲ್ಲ. ನಾವ್ಯಾರೂ ಇದನ್ನು ತಿಳಿಯಲಿಲ್ಲ, ಏಕೆಂದರೆ ನಮ್ಮ ಟೀವಿಗೆ ಹಿಂದೆ ಸದ್ದಿನ ತೂತು ಒಂದೇ ಇತ್ತು. ಹಳದಿ ವೈರು ಚಿತ್ರಕ್ಕೆ, ಬಿಳಿ ವೈರು ಎಡಗಡೆಯ ಸದ್ದಿಗೆ, ಬಲಗಡೆಯ ಕೆಂಪು ವೈರು ಎಲ್ಲಿಯೂ ಹತ್ತದೆ ಗೋಡೆಯ ಮೇಲೆ ಜೋತಾಡುತ್ತಿತ್ತು. ಎಲ್ಲರ ಮನೆಯಲ್ಲೂ ಹಾಗೆಯೇ. ಆ ಕೆಂಪು ವೈರಿನೊಳಗೆ ನನ್ನ ಮದುವೆಯ ಮಾತೆಲ್ಲ ಇತ್ತು.

ಈಗ ಬೇಕಾದದ್ದು ಎಂಥ ಪ್ಲೇಯರು ಎಂಬುದು ಸ್ಪಷ್ಟವಾಯಿತು. ಎಡಗಡೆಯನ್ನು ಪೂರ್ತಿ ಮುಚ್ಚಬೇಕು, ಬಲಗಡೆಯ ಸದ್ದನ್ನು ಮಾಮೂಲಿಗಿಂತ ಎತ್ತರಿಸಬೇಕು, ಬೇಕಾದ ತುಣುಕನ್ನು ಮತ್ತೆ ಮತ್ತೆ ಹಾಕಬೇಕು, ಗೀರುಬಿದ್ದ ಕಡೆ ನಿಲ್ಲದೆ ಮುಂದೆ ಸಾಗಬೇಕು. ಮೂರನೆಯದು ಇದರಲ್ಲಿ ಯಾವುದನ್ನೂ ಮಾಡದು. ನಾಲ್ಕನೆಯದು ನೋಡಲಿಕ್ಕೆ ಸಪ್ಪೆ, ಬೂದುಬಣ್ಣದ ಒಂದು ಕಿಟಕಿ, ಜಾಹೀರಾತಿಲ್ಲ. ದುಭಾಷಿಗಳನ್ನೆಲ್ಲ ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡಿತ್ತು. ಸಿಡಿ ಹಾಕಿದೊಡನೆ ಮಾವನವರು ತೆಳ್ಳಗಾದರು. ಆಡಿಯೋ ಎಂಬಲ್ಲಿ ಒತ್ತಿದರೆ ಎಡ, ಬಲ, ಎರಡೂ ಎಂದು ಕೇಳಿತು.

ಬಲ ಎಂಬುದರ ಮೇಲೆ ಒತ್ತಿದೆ. ಹಾಡು ಕಡಿದುಹೋಯಿತು.

ಆ ಸದ್ದನ್ನು ಹೇಗೆ ಹೇಳಲಿ. ಬ್ಯಾಂಡಿನವನು ದೂರದಲ್ಲಿ ಏನನ್ನೋ ತಪ್ಪುತಪ್ಪಾಗಿ ನುಡಿಸುತ್ತಿದ್ದಾನೆ. ಒಂದು ಮಗು ಅಳುತ್ತಿದೆ. “ಅಗ, ಘೇ ನಾ ನಾಂವ, ಲಾಜೂ ನಕೋ” ಎಂದು ಅವರ ಕಡೆಯ ಹೆಂಗಸರು, ಹೆಸರು ಹೇಳೇ, ನಾಚಬೇಡ ಎಂದು. ನಮ್ಮ ಕಡೆಯ ಯಾರೋ ಮುದುಕಿ, “ಗಟ್ಟಿ ಹೇಳವಾ, ನಮ್ಮ ಹುಡುಗ ಭಾಳ ಓದ್ಯಾನ, ಅಂವಗ ಕಿವಿ ಮಂದ!” ಎಂದಳು. ನಗು. ಆಕೆ ತಲೆ ತಗ್ಗಿಸಿದಳು, ಎತ್ತಿದಳು, ತುಟಿ ಆಡಿಸಿದಳು.

ಮರಾಠಿ.

ಬೆಳ್ಳಿಯ ತಟ್ಟೆ, ಪೇಢೆ, ಮರಾಠವಾಡಾದ ಯಾವ ಮದುಮಗಳಾದರೂ ಹೇಳುವಂಥ ಎರಡು ಸಾಲು, ಒಂದೇ ಉಸಿರಿನಲ್ಲಿ, ಪಾಠ ಒಪ್ಪಿಸಿದ ಹಾಗೆ. ನಡುವೆ ನನ್ನ ಹೆಸರು. ಅನುಮಾನವೇ ಇಲ್ಲದಷ್ಟು ನಿಚ್ಚಳವಾಗಿ.

ಆ ತುಣುಕಿನ ಶುರುವಿಗೆ ಒಂದು ಗುರುತು, ಕೊನೆಗೆ ಒಂದು ಗುರುತು ಹಾಕಿ ಅದಷ್ಟೇ ತಿರುತಿರುಗಿ ಬರುವಂತೆ ಮಾಡಿದೆ. ನನ್ನ ಹೆಸರು, ನನ್ನ ಹೆಸರು, ನನ್ನ ಹೆಸರು. ಕೇಳುತ್ತ ಹೋದಂತೆ ಅದು ಯಾರೋ ಹುಡುಗಿ ಯಾರದೋ ಹೆಸರು ಹೇಳಿದ ಹಾಗೆ ಕೇಳಿಸತೊಡಗಿತು. ಆಕೆಗೆ ಆಗ ನಾನು ಗೊತ್ತೇ ಇರಲಿಲ್ಲ. ಒಂದು ಸಲ ಚಹಾ ಕೊಟ್ಟು ಒಳಗೆ ಹೋದವಳು. ಆ ದನಿಯಲ್ಲಿ ಇದ್ದದ್ದು ಪರೀಕ್ಷೆಗೆ ಕೂತವರ ಹೆದರಿಕೆ, ಅಷ್ಟೇ. ನನಗೇನು ಬೇಕಾಗಿತ್ತೋ ಅದು ಅಲ್ಲಿರಲಿಲ್ಲ. ಅಕ್ಕ ಹೇಳಿದ್ದು ಖರೆ, ನಾನು ಇಷ್ಟು ವರ್ಷ ಹೇಳಿಕೊಂಡು ಬಂದದ್ದು ಸಿನಿಮಾ ಹಾಡು. ಗುರುತುಗಳನ್ನು ತೆಗೆದುಹಾಕಿದೆ. ಕಂಪ್ಯೂಟರನ್ನು ಬಂದ್ ಮಾಡಲೂ ಮನಸ್ಸಾಗದೆ ಅದನ್ನು ಓಡಲು ಬಿಟ್ಟೆ.

ಓಡುತ್ತಿದ್ದಂತೆ ಹೆಂಗಸರು ನನ್ನ ಮೇಲೆ ಬಿದ್ದರು. ಈಗ ಗಂಡು ಹೇಳಬೇಕು. “ಎಂ.ಎ. ಮಾಡ್ಯಾನಂತ, ಹೆಂಡ್ತಿ ಹೆಸರ ಹೇಳ್ಲಾಕ ಬರಲ್ಲೇನು?” ಎಂದು ಅದೇ ಮುದುಕಿ. ಪರದೆಯ ಮೇಲಿನ ಬಾಸಿಂಗದ ಹುಡುಗ ಕೈಯಿಂದ ಹಣೆ ಒರೆಸಿಕೊಂಡ. ಇದು ನಡೆದದ್ದೇ ನನಗೆ ನೆನಪಿಲ್ಲ. ಒಂದು ಚೂರೂ ಇಲ್ಲ. ಹುಡುಗ ಕೆಮ್ಮಿ ಹೇಳಿದ:

“ತಾಟಿನ್ಯಾಗ ಹೋಳಿಗಿ, ಹೋಳಿಗಿ ಮ್ಯಾಲ ತುಪ್ಪದ ಧಾರಿ...” ಆಮೇಲೆ ಆಕೆಯ ಹೆಸರು, ಆಮೇಲೆ, “ನನ್ನ ಜೋಡಿ ಹೊಂಟಾಳ, ಬಿಡ್ರಿ ನಮಗ ದಾರಿ.”

ಕನ್ನಡದಲ್ಲಿ ಒಡಪು ಹಾಕಿದವನು ನಾನು. ನೆನಪು ಭಾಷೆಯನ್ನು ಸರಿಯಾಗಿ ಇಟ್ಟುಕೊಂಡು, ಆಡಿದ ಬಾಯನ್ನು ಬದಲಿಸಿತ್ತು. ಅಥವಾ ಹಾಡು ಬದಲಿಸಿತ್ತೋ ಏನೋ. ಹುಡುಗನ ಕನ್ನಡಕ್ಕೆ ನಮ್ಮ ಕಡೆಯವರು ಹೋ ಎಂದರು, ಅವರ ಕಡೆಯವರು ಸುಮ್ಮನೆ ನಕ್ಕರು. ಕ್ಯಾಮೆರಾ ಪಂಕ್ತಿಯ ಕಡೆ ಹೊರಳಿತು, ಎಲೆಗಳು, ಓಡಾಡುವ ಬಡಿಸುವವರು. ಆದರೆ ಕ್ಯಾಮೆರಾ ಹಿಡಿದವನು ಇನ್ನೂ ನಮ್ಮ ಪಕ್ಕದಲ್ಲಿಯೇ ನಿಂತಿದ್ದನಿರಬೇಕು. ಎಲೆಗಳ ಚಿತ್ರದ ಹಿಂದೆ, ತೀರ ಹತ್ತಿರದಲ್ಲಿ, ಒಂದು ಸಣ್ಣ ದನಿ ಕೇಳಿತು.

“ಕಾಯ್ ಮ್ಹಣಾಲೇ?” ಏನಂದರು ಎಂದು.

ಇನ್ನೊಂದು ಹೆಣ್ಣು ದನಿ ಮರಾಠಿಯಲ್ಲಿಯೇ ಉತ್ತರ ಕೊಟ್ಟಿತು. ಹೋಳಿಗೆ ತುಪ್ಪ ಅಂತಾನೆ, ನೀನು ಜೊತೆಗೆ ಹೊರಟಿದ್ದೀಯಂತೆ, ದಾರಿ ಬಿಡಿ ಅಂತಾನೆ.

ಸ್ವಲ್ಪ ಹೊತ್ತು ಬ್ಯಾಂಡಿನ ಸದ್ದು. ಆಮೇಲೆ ಆ ಸಣ್ಣ ದನಿ, ನಿಜವಾಗಿಯೂ ಗಾಬರಿಯಾಗಿ:

“ಆತ್ತಾಚ? ಪಣ ಗಾಡಿ ಸಂಧ್ಯಾಕಾಳೀ ಆಹೇ ನಾ?”

ಈಗಲೇ ಹೊರಡಬೇಕೇ? ಆದರೆ ಗಾಡಿ ಸಂಜೆಗಲ್ಲವೇ?

ಇದು ಆಕೆ. ಒಡಪು ಹೇಳಿದ ಹುಡುಗಿ ಯಾರೋ ನನಗೆ ಗೊತ್ತಿಲ್ಲ, ಇವಳು ಗೊತ್ತು. ಸೊಲ್ಲಾಪುರಕ್ಕೆ ಹೊರಟರೆ ಗಾಡಿ ಎಷ್ಟೊತ್ತಿಗೆ, ಮರಳುವ ಗಾಡಿ ಎಷ್ಟೊತ್ತಿಗೆ ಎಂದು ಕೇಳದೆ ಚಪ್ಪಲಿ ಮೆಟ್ಟದವಳು. ನಾನು ಉತ್ಸಾಹದಲ್ಲಿ ಏನಾದರೂ ದೊಡ್ಡ ಮಾತಾಡಿದರೆ ಅದರೊಳಗಿಂದ ಗಂಟೆಯನ್ನೂ ಊರನ್ನೂ ಆರಿಸಿ ತೆಗೆದು ಕೈಯಲ್ಲಿ ಕೊಡುತ್ತಿದ್ದವಳು. ನನ್ನ ಮಾತು ತಿಳಿಯದಿದ್ದರೂ ಅದೇನೆಂದು ಕೇಳಿದ್ದಾಳೆ, ಮೊದಲ ದಿನವೇ. ಆಕೆ ನಡೆದುಬಂದಳು ಎಂದು ನಾನು ತಿಳಿದದ್ದು ಪೂರ್ತಿ ಸುಳ್ಳಲ್ಲ ಎಂದು ಹೇಳಿಕೊಳ್ಳಲು ಬಾಯಿ ತೆರೆದೆ, ಹೇಳಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

ಅಕ್ಕನಿಗೆ ಫೋನು ಹಚ್ಚಿದೆ. ಹಿಂದೆ ಕುಕ್ಕರಿನ ಸೀಟಿ ಕೇಳುತ್ತಿತ್ತು.

“ಅಕ್ಕಾ, ನೀ ಅಂದದ್ದೇ ಖರೆ. ಮರಾಠಿದಾಗ ಹೇಳ್ಯಾಳ.”

“ಮತ್ತ? ನಾ ಏನ್ ಹುಚ್ಚಿನಾ? ಇಷ್ಟು ಹೇಳ್ಲಾಕ ಫೋನ್ ಹಚ್ಚಿದೇನು? ಊಟ ಆಯ್ತಾ ನಿಂದು?”

“ತಡಿ, ಒಂದು ಕೇಳಸ್ತೀನಿ.” ಮೊಬೈಲನ್ನು ಬಲಗಡೆಯ ಸ್ಪೀಕರಿಗೆ ಹಿಡಿದು ಆ ತುಣುಕು ಹಾಕಿದೆ.

“ಅಯ್ಯ, ಆಕಿದೇ ಧ್ವನಿ” ಎಂದಳು. ಆಮೇಲೆ, “ಆಕಿ ಜೋಡಿ ಮಾತಾಡಾಕಿ ಯಾರು?”

“ನೀನೇ ಅಕ್ಕಾ.”

“ನಾ ಅಲ್ಲ.”

“ಮಗ್ಗಲದಾಗ ನಿಂತಿದ್ದೆ ಅಂದಿ, ಬ್ಯಾರೆ ಯಾರಿರ್ತಾರ?”

“ನಿಂತಿದ್ದೆ ಖರೆ. ಆದ್ರ ಇದು ನನ್ನ ಧ್ವನಿ ಅಲ್ಲ. ನಾ ಹಂಗೆಲ್ಲ ನಾಜೂಕ ಮಾತಾಡಾಕಿ ಅಲ್ಲ. ಅವ್ರ ಪೈಕಿ ಯಾರೋ ಇರ್ಬೇಕು.” ಅವಳ ಮಾತಿನಲ್ಲಿ ಯಾವಾಗಿನ ಖಾತ್ರಿ ಇರಲಿಲ್ಲ. ಪರದೆಯ ಮೇಲೆ ಬರೀ ಎಲೆಗಳಿದ್ದವು. ನಾನು ಯಾವುದನ್ನೂ ಸಾಬೀತುಪಡಿಸಲಾರದವನಾಗಿದ್ದೆ. ಬೇರೆ ದಿನವಾಗಿದ್ದರೆ ವಾದಿಸುತ್ತಿದ್ದೆ. ನನಗಂತೂ ಅದು ಅಕ್ಕನ ದನಿಯೇ ಎನಿಸಿತ್ತು, ಆದರೆ ನನಗೆ ಅನಿಸುವುದರ ಬೆಲೆ ಎಷ್ಟು ಎಂಬುದು ಆಗತಾನೇ ಗೊತ್ತಾಗಿತ್ತಲ್ಲ.

“ಇನ್ನೊಮ್ಮಿ ಹಚ್ಚು” ಎಂದಳು ಅಕ್ಕ.

ಹಚ್ಚಿದೆ. ಕುಕ್ಕರಿನ ಸೀಟಿ ನಿಂತಿತ್ತು, ಅವಳು ಗ್ಯಾಸು ಆರಿಸಿದ್ದಳೆಂದು ಕಾಣುತ್ತದೆ. ಆಕೆ ಮತ್ತೊಮ್ಮೆ ಏನಂದರು ಎಂದು ಕೇಳಿದಳು, ಮತ್ತೊಮ್ಮೆ ಗಾಬರಿಯಾದಳು. ಅಕ್ಕ ನಕ್ಕಳು, ನಗು ಅರ್ಧಕ್ಕೆ ನಿಂತಿತು.

“ಗಾಡಿ ಸಂಜಿಗೇ ಇತ್ತು ತಮ್ಮಾ. ಆಕಿ ಅಂದದ್ದು ಬರೋಬರ ಅದ.”

“ಇತ್ತೇನು? ನನಗ ಖ್ಯಾಲ ಇಲ್ಲ” ಎಂದೆ.